ಹತ್ತು ಗಾಡಿಗೆ ಒಂದು ತೊಳೆಯುವ ಕಟ್ಟೆ

ತಳ್ಳುಗಾಡಿಯ ಮೇಲೆ ಒಲೆ, ಬಾಣಲೆ, ಮಸಾಲೆ ಡಬ್ಬಿ ಎಲ್ಲವೂ ಇರುತ್ತದೆ. ಇರದಿರುವುದು ನಲ್ಲಿ ಮತ್ತು ಬಚ್ಚಲು. ಬೀದಿ ತಿಂಡಿಯ ಕಸದ ಕತೆ ಶುರುವಾಗುವುದೇ ಇಲ್ಲಿಂದ. ತೊಳೆಯಲು ನೀರಿಲ್ಲದವರು ಬಿಸಾಡುವ ತಟ್ಟೆಯಲ್ಲೇ ತಿಂಡಿ ಕೊಡುತ್ತಾರೆ. ಉಳಿದ ಎಣ್ಣೆಗೆ ದಾರಿಯಿಲ್ಲದವರು ಅದನ್ನು ಚರಂಡಿಗೆ ಸುರಿಯುತ್ತಾರೆ, ಇಲ್ಲವೇ ನಾಳೆಯೂ ಅದನ್ನೇ ಕಾಯಿಸುತ್ತಾರೆ.

ಮೈಸೂರಿನ ಉದಯಗಿರಿ ಮನೆಗಳು ಒತ್ತೊತ್ತಾಗಿರುವ, ದುಡಿಯುವ ಜನರ ಬಡಾವಣೆ. ಇಲ್ಲಿ ಸಂಜೆಯ ಸಮೋಸ, ಕಬಾಬ್, ಚಹಾದಿಂದ ಸಂಸಾರಗಳು ನಡೆಯುತ್ತವೆ. ರಂಜಾನ್ ತಿಂಗಳಲ್ಲಿ ಇಫ್ತಾರ್ ಹೊತ್ತಿಗೆ ವ್ಯಾಪಾರ ಇನ್ನಷ್ಟು ಏರುತ್ತದೆ. 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆನಿಸಿದ ಮೈಸೂರಿನ ಆ ಹೆಸರು ಇಂಥ ಬೀದಿಗಳಲ್ಲೂ ನಿಜವಾಗಬೇಕು. ಅದಕ್ಕೆ ದುಬಾರಿ ಗಾಡಿಗಳು ಬೇಕಿಲ್ಲ. ಒಬ್ಬೊಬ್ಬರಿಗೆ ಹೊರೆಯಾಗುವ ಕೆಲಸವನ್ನು ಹತ್ತು ಗಾಡಿಗಳು ಹಂಚಿಕೊಳ್ಳುವ ಏರ್ಪಾಡು ಸಾಕು.

ತಟ್ಟೆ

ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. ಕೇಂದ್ರದ ನಿಷೇಧ ಬಂದದ್ದು 2022ರ ಜುಲೈ 1ರಂದು. ಆದರೆ ಅವುಗಳ ಜಾಗಕ್ಕೆ ಬಂದ ಕಾಗದದ ಲೋಟದ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರವಿರುತ್ತದೆ. ಹಳೆಯ ಪತ್ರಿಕೆಯಲ್ಲಿ ಬಜ್ಜಿ ಕಟ್ಟಿಕೊಟ್ಟರೆ ಶಾಯಿಯ ವಿಷ ಎಣ್ಣೆಯ ಜೊತೆ ಹೊಟ್ಟೆ ಸೇರುತ್ತದೆ; ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನೂ ನಿಷೇಧಿಸಿದೆ.

ಉಳಿಯುವುದು ಸ್ಟೀಲ್ ತಟ್ಟೆ, ಅದರ ಮೇಲೊಂದು ಬಾಳೆ ಎಲೆಯ ತುಂಡು. ಎಲೆ ಹಸಿ ಕಸಕ್ಕೆ ಹೋಗುತ್ತದೆ, ತಟ್ಟೆಯ ಜಿಡ್ಡು ಕಡಿಮೆಯಾಗಿ ತೊಳೆಯುವ ನೀರೂ ಉಳಿಯುತ್ತದೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಟ್ಟು ವಾಪಸ್ ಪಡೆಯುವ ಪ್ಲೇಟ್ ಬ್ಯಾಂಕ್ ನಡೆಸುತ್ತಿದೆ. ಬಡಾವಣೆಯ ಸ್ವಸಹಾಯ ಸಂಘವೊಂದು ಇದನ್ನೇ ಗಾಡಿಗಳಿಗೆ ಮಾಡಬಹುದು: ಸಂಜೆ ತೊಳೆದ ತಟ್ಟೆ ತಂದುಕೊಡುವುದು, ರಾತ್ರಿ ಎಂಜಲು ತಟ್ಟೆ ಒಯ್ಯುವುದು, ತಟ್ಟೆಗಿಷ್ಟು ಎಂದು ಬಾಡಿಗೆ.

ನೀರು

ರಸ್ತೆಯ ಕೊನೆಗೆ ಒಂದು ತೊಳೆಯುವ ಕಟ್ಟೆ, ಅದರಲ್ಲಿ ಮೂರು ತೊಟ್ಟಿ. ಮೊದಲು ಎಂಜಲನ್ನು ಹಸಿ ಕಸದ ಡಬ್ಬಿಗೆ ಕೆರೆದು ಹಾಕಬೇಕು. ಆಮೇಲೆ ಒಂದರಲ್ಲಿ ನೆನೆಹಾಕಿ, ಇನ್ನೊಂದರಲ್ಲಿ ಸೋಪಿನಿಂದ ಉಜ್ಜಿ, ಮೂರನೆಯದರ ಬಿಸಿನೀರಿನಲ್ಲಿ ಅದ್ದಿ ಗಾಳಿಗೆ ಒಣಗಿಸಬೇಕು. ಒರೆಸುವ ಬಟ್ಟೆ ಬೇಡ, ಕೊಳೆ ಹರಡುವುದೇ ಅದರಿಂದ.

ತೊಳೆದ ನೀರು ನೇರವಾಗಿ ಒಳಚರಂಡಿಗೆ ಹೋಗಬಾರದು. ಜಿಡ್ಡು ಹೆಪ್ಪುಗಟ್ಟಿ ಪೈಪು ಕಟ್ಟಿಕೊಳ್ಳುತ್ತದೆ. ನಡುವೆ ಒಂದು ಜಿಡ್ಡು ತೊಟ್ಟಿ ಇರಬೇಕು. ಅದರಲ್ಲಿ ನೀರು ನಿಧಾನವಾಗಿ ಸಾಗುವಾಗ ಎಣ್ಣೆ ತೇಲುತ್ತದೆ, ಅನ್ನದಗುಳು ತಳ ಸೇರುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹರಿಯುತ್ತದೆ. ತೇಲಿದ ಜಿಡ್ಡನ್ನು ಆಗಾಗ ತೆಗೆಯದಿದ್ದರೆ ತೊಟ್ಟಿ ಇದ್ದೂ ಇಲ್ಲದಂತೆ.

ಎಣ್ಣೆ

ಪದೇ ಪದೇ ಕಾದ ಎಣ್ಣೆ ಕಪ್ಪಾಗುತ್ತದೆ, ನೊರೆ ಬರುತ್ತದೆ, ಬೇಗ ಹೊಗೆಯೇಳುತ್ತದೆ. ಒಡೆದು ಹಾಳಾದ ಅಂಶ ಶೇ. 25 ಮೀರಿದ ಎಣ್ಣೆಯನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಅದೇ ವರ್ಷ ಆರಂಭವಾದ ರೂಕೋ ಯೋಜನೆ ಇಂಥ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಲು ಕಳಿಸುತ್ತದೆ. ಒಂದು ಗಾಡಿಯ ಎರಡು ಲೀಟರಿಗಾಗಿ ಯಾರೂ ಬರುವುದಿಲ್ಲ. ತೊಳೆಯುವ ಕಟ್ಟೆಯಲ್ಲಿ ಒಂದು ಡ್ರಮ್ ಇಟ್ಟರೆ ಬರುತ್ತಾರೆ.

ಬೆಳಕು, ಗ್ಯಾಸ್

1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಕಂಪನಿ ಬೀದಿ ವ್ಯಾಪಾರಿಗಳಿಗಾಗಿ ಒಂದು ಮಾದರಿ ರೂಪಿಸಿತು. ಒಬ್ಬರು ಹಗಲು ಸೌರಶಕ್ತಿಯಿಂದ ಬ್ಯಾಟರಿಗಳನ್ನು ಚಾರ್ಜ್ ಮಾಡಿ, ಸಂಜೆ ದೀಪದ ಜೊತೆ ಗಾಡಿಗಾಡಿಗೆ ಬಾಡಿಗೆಗೆ ಕೊಡುತ್ತಾರೆ. ವ್ಯಾಪಾರಿ ಬಂಡವಾಳ ಹಾಕಬೇಕಿಲ್ಲ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ತೂತುಗಳಿರಲೇಬೇಕು. ಒಲೆಯ ಸುತ್ತ ತಗಡಿನ ಮರೆ ಕಟ್ಟಿದರೆ ಉರಿ ಗಾಳಿಗೆ ಚದುರದೆ ಗ್ಯಾಸ್ ಉಳಿಯುತ್ತದೆ.

ಜಾಗ

ನಾಳೆ ಎತ್ತಂಗಡಿಯಾಗುವ ಭಯವಿದ್ದರೆ ಯಾರೂ ಜಿಡ್ಡು ತೊಟ್ಟಿಗೆ ಹಣ ಹಾಕುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಈ ಭಯಕ್ಕೆ ಉತ್ತರ: ಸಮೀಕ್ಷೆ, ಪ್ರಮಾಣಪತ್ರ, ವ್ಯಾಪಾರ ವಲಯ, ಸ್ಥಳಾಂತರಕ್ಕೆ 30 ದಿನಗಳ ನೋಟಿಸ್. ಪಟ್ಟಣ ವ್ಯಾಪಾರ ಸಮಿತಿಯ ಕನಿಷ್ಠ ಶೇ. 40 ಸದಸ್ಯರು ಚುನಾಯಿತ ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಪಿಎಂ ಸ್ವನಿಧಿ ಯೋಜನೆಯ ಮೊದಲ ಸಾಲ 2025ರಲ್ಲಿ 15,000 ರೂಪಾಯಿಗೆ ಏರಿದೆ. ಗಾಡಿಯ ದುರಸ್ತಿಗೆ ಅದು ನೆರವಾದೀತು. ಕಟ್ಟೆ, ನೀರು, ಒಳಚರಂಡಿ ಜೋಡಣೆ ಮಾತ್ರ ಪಾಲಿಕೆಯ ಹೊಣೆ.

ಉದಯಗಿರಿಯ ವ್ಯಾಪಾರಿಗಳು ಒಟ್ಟಾಗಿ ಸಮಿತಿಯ ಮುಂದೆ ಇಡಬೇಕಾದ ಬೇಡಿಕೆ ಇದೇ: ಮೊದಲು ಒಂದು ರಸ್ತೆ, ಹತ್ತು ಗಾಡಿ, ಒಂದು ಕಟ್ಟೆ. ಅಲ್ಲಿ ಕಸ ಇಳಿದರೆ, ತಿನ್ನುವವರ ನಂಬಿಕೆ ಬೆಳೆದರೆ ಎರಡನೆಯ ಕಟ್ಟೆಯನ್ನು ಪಕ್ಕದ ರಸ್ತೆಯವರೇ ಕೇಳುತ್ತಾರೆ.