ಮರಕೋತಿ ಆಟಕ್ಕೊಂದು ಮರ ಬೇಕು

ನಿಮ್ಮಲ್ಲಿ ಅರವತ್ತು ದಾಟಿದವರನ್ನು ಒಂದು ಮಾತು ಕೇಳುತ್ತೇನೆ. ಚಿಕ್ಕಂದಿನಲ್ಲಿ ಮರಕೋತಿ ಆಟ ಆಡಿದ್ದೀರಲ್ಲವೇ? ಮರದ ಬುಡದಲ್ಲಿ ದುಂಡಗೆ ಗೆರೆ ಎಳೆದು, ಅದರೊಳಗೆ ನಿಂತು, ಎತ್ತಿದ ಕಾಲಿನ ಅಡಿಯಿಂದ ಕೋಲನ್ನು ದೂರಕ್ಕೆ ಬೀಸಿ ಒಗೆಯುವುದು. ಕಳ್ಳನಾದವನು ಓಡಿಹೋಗಿ ಕೋಲು ತರುವುದರೊಳಗೆ ಉಳಿದವರೆಲ್ಲ ಮರ ಏರಿ ಕೊಂಬೆ ಹಿಡಿದಿರಬೇಕು. ಈ ಆಟಕ್ಕೆ ಕಾಸು ಬೇಡ, ಸಾಮಾನು ಬೇಡ. ಬಾಗಿದ ಕೊಂಬೆಗಳ ಒಂದು ದೊಡ್ಡ ಮರ ಇದ್ದರೆ ಸಾಕು.

ಬೇಸಿಗೆ ರಜೆಗೆಂದು ಪೇಟೆಯಿಂದ ಬಂದ ಮೊಮ್ಮಗನಿಗೆ ಈ ಆಟ ಕಲಿಸಬೇಕೆಂದು ಹೊರಟೆ. ಊರೆಲ್ಲ ಸುತ್ತಿದರೂ ಮಗು ಏರಬಹುದಾದ ಮರವೊಂದು ಸಿಗಲಿಲ್ಲ. ಬಸ್ ನಿಲ್ಲುವಲ್ಲಿ ಅರಳಿಮರವೇನೋ ಇದೆ. ಅದಕ್ಕೆ ಕಟ್ಟೆ ಕಟ್ಟಿ ಪೂಜೆ ಮಾಡುತ್ತೇವೆ, ಹತ್ತಿದವರನ್ನು ಗದರುತ್ತೇವೆ. ಹುಡುಗ ಕೇಳಿದ: "ಅಜ್ಜಾ, ನೀವು ಆಡ್ತಿದ್ದ ಮರ ಎಲ್ಲಿ?" ನಾನು ಸಮುದಾಯ ಭವನದ ಕಡೆ ಕೈ ತೋರಿಸಿದೆ.

ಬಯಲುಸೀಮೆಯ ಹಳ್ಳಿಗಳಿಗೆ ಗುಂಡುತೋಪು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹುಣಸೆ, ಹೊಂಗೆ, ಹಿಪ್ಪೆ, ನೇರಳೆ, ಮಾವು, ನಡುವೆ ಎಲ್ಲೋ ಒಂದು ಬಿಲ್ವ. ಅದು ಒಬ್ಬರ ಸ್ವತ್ತಲ್ಲ, ಇಡೀ ಊರಿನದು. ನಡುಹಗಲಿನಲ್ಲಿ ದನಕರುಗಳು ಅಲ್ಲಿ ಮೆಲುಕು ಹಾಕುತ್ತಿದ್ದವು. ಜಾತ್ರೆಗೆ ಹೊರಟ ಗಾಡಿಗಳು ಕೊಳ್ಳು ಬಿಚ್ಚಿ ಅಲ್ಲಿಯೇ ಅಡಿಗೆ ಮಾಡಿಕೊಳ್ಳುತ್ತಿದ್ದವು. ಹೊಂಗೆಸೊಪ್ಪು ಗದ್ದೆಗೆ ಗೊಬ್ಬರ, ಹಿಪ್ಪೆಬೀಜದ ಎಣ್ಣೆ ಗುಡಿಯ ದೀಪಕ್ಕೆ. ನಮಗೆ ಹುಡುಗರಿಗೆ ಅದೇ ಪಾಠಶಾಲೆ. ಯಾವ ಹುಣಸೆಯದು ಹಲ್ಲು ಚುಳ್ ಎನ್ನಿಸುವ ಹುಳಿ, ಯಾವುದು ಸಿಹಿಹುಳಿ, ಮುಂಗಾರಿಗೆ ಮೊದಲು ಹಣ್ಣಾಗುವ ನೇರಳೆ ಯಾವುದು ಎಂಬುದನ್ನು ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ತೋಪಿನಾಚೆಯ ಗೋಮಾಳದಲ್ಲಿ ಕಾರೇಹಣ್ಣು, ಬಾರೇಹಣ್ಣು. ಮುಳ್ಳು ತರಚಿದ ಕೈಗಳನ್ನು ನೋಡಿ ಅವ್ವ ಬೈಯುತ್ತಲೇ ಎಣ್ಣೆ ಸವರುತ್ತಿದ್ದಳು.

ಧರ್ಮವೂ ಅಲ್ಲಿಂದಲೇ ಬಂತು ಎಂದು ನನಗೆ ಅನ್ನಿಸುತ್ತದೆ. ಹೊತ್ತು ಮುಳುಗಿದ ಮೇಲೆ ಎಲೆಗೆ ಕೈ ಹಾಕಿದರೆ ಅಜ್ಜಿ ತಡೆಯುತ್ತಿದ್ದಳು: "ಮರ ಮಲಗೈತೆ, ಎಬ್ಬಿಸಬ್ಯಾಡ ಮಗಾ." ಪೂಜೆಗೆ ಪತ್ರೆ ತರಲು ಕಳಿಸಿದರೆ ಕೊಂಬೆ ಮುರಿಯಬಾರದು, ಕೈಗೆ ಎಟುಕಿದಷ್ಟೇ ಬಿಡಿಸಬೇಕು, ಹಕ್ಕಿ ಗೂಡು ಕಟ್ಟಿದ ಕಡೆ ಹೋಗಲೇಬಾರದು. ಅಹಿಂಸೆ ಎಂಬ ಮಾತಿನ ಅರ್ಥ ತಿಳಿಯುವ ಮೊದಲೇ ಅದು ಬೆರಳುಗಳಿಗೆ ಅಭ್ಯಾಸವಾಗಿತ್ತು. ಈಗ ಶಿವರಾತ್ರಿಗೆ ಬಿಲ್ವಪತ್ರೆ ಪೇಟೆಯ ಹೂವಿನ ಅಂಗಡಿಯಿಂದ ಕಟ್ಟು ಕಟ್ಟಾಗಿ ಬಸ್ಸಿನಲ್ಲಿ ಬರುತ್ತದೆ. ಶಿವನು ಅದನ್ನೂ ಸ್ವೀಕರಿಸುತ್ತಾನೆ, ಅನುಮಾನವಿಲ್ಲ. ಆದರೆ ಪತ್ರೆ ಬಿಡಿಸುವ ರೀತಿ ತಿಳಿಯದೆ ನಮ್ಮ ಮಕ್ಕಳು ದೊಡ್ಡವರಾಗುತ್ತಿದ್ದಾರೆ.

ತೋಪು ಒಂದೇ ದಿನದಲ್ಲಿ ಹೋದದ್ದಲ್ಲ. ಮೊದಲು ಶಾಲೆಗೊಂದು ಕೊಠಡಿ, ಆಮೇಲೆ ನೀರಿನ ಟ್ಯಾಂಕು, ಆಮೇಲೆ ಮನೆಯಿಲ್ಲದವರಿಗೆ ನಿವೇಶನ. ಯಾವುದನ್ನು ಬೇಡವೆನ್ನುವುದು? ಕೊನೆಗೆ ಭವನದ ಮಾತು ಬಂತು. ಆ ಸಭೆಯಲ್ಲಿ ನಾನೂ ಕುಳಿತಿದ್ದೆ. ನೇರಳೆಮರ ಅಡ್ಡ ಬರುತ್ತದೆ ಎಂದು ಯಾರೋ ಹೇಳಿದಾಗ ನನ್ನ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಮರಕ್ಕಾಗಿ ಜಗಳವಾಡುವುದು ವಯಸ್ಸಿಗೆ ಶೋಭೆಯಲ್ಲ ಎಂದುಕೊಂಡೆ. ಆ ಮರ ಉರುಳಿದ ಸಂಜೆ ಗಿಳಿಗಳು ಕತ್ತಲಾಗುವವರೆಗೆ ಮೇಲೆಯೇ ಸುತ್ತುತ್ತಿದ್ದವು. ಅದನ್ನು ನೋಡಲಾರದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕಾನೂನು ಇರಲಿಲ್ಲವೆಂದಲ್ಲ. ಊರಿನ ಸಾರ್ವಜನಿಕ ಉಪಯೋಗಕ್ಕೆಂದು ಮೀಸಲಿಟ್ಟ ಭೂಮಿಯನ್ನು ಜಿಲ್ಲಾಧಿಕಾರಿಗಳ ಮಂಜೂರಾತಿಯಿಲ್ಲದೆ ಬೇರೆ ಕೆಲಸಕ್ಕೆ ಬಳಸಕೂಡದೆಂದು ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯಲ್ಲಿದೆ. 1966ರ ನಿಯಮಗಳಲ್ಲಿ ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ, ಅಂದರೆ ಸುಮಾರು 30 ಎಕರೆ, ಗೋಮಾಳ ಬಿಡಬೇಕೆಂದಿದೆ. 1991ರಲ್ಲಿ ಬಗರ್‌ಹುಕುಂ ಸಾಗುವಳಿ ಸಕ್ರಮಕ್ಕೆ ತಿದ್ದುಪಡಿ ಬಂತು. ಅದರಿಂದ ಎಷ್ಟೋ ಬಡವರಿಗೆ ತುಂಡು ಭೂಮಿ ದಕ್ಕಿತು, ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಬಡವನ ಹೆಸರಿನಲ್ಲಿ ಉಳ್ಳವರೂ ಬೇಲಿ ಸರಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಪಂಜಾಬಿನ ಹಳ್ಳಿಯೊಂದರಲ್ಲಿ ಊರಿನ ಹೊಂಡವನ್ನೇ ಮುಚ್ಚಿ ಮನೆ ಕಟ್ಟಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರ ಜನವರಿ 28ರಂದು ತೀರ್ಪು ಕೊಟ್ಟು, ಗ್ರಾಮಗಳ ಸಾಮೂಹಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ಮಾಡಿರೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಬಹಳ ವರ್ಷದಿಂದ ಇದ್ದೇವೆ, ಬಹಳ ಖರ್ಚು ಮಾಡಿದ್ದೇವೆ ಎಂಬುದು ಸಬೂಬಾಗದು ಎಂದಿತು.

ಮೊಮ್ಮಗನ ಪ್ರಶ್ನೆಯ ನಂತರ ನಾನು ಪಹಣಿ ತೆಗೆಸಿ ನೋಡಿದೆ. ಅದರಲ್ಲಿ ಇವತ್ತಿಗೂ "ಸರ್ಕಾರಿ ಗುಂಡುತೋಪು" ಎಂದೇ ಇದೆ. ಭವನ, ಟ್ಯಾಂಕು, ಮನೆಗಳನ್ನು ಕಳೆದರೂ ಹಿಂಬದಿಯಲ್ಲಿ ಒಂದಿಷ್ಟು ನೆಲ ಉಳಿಯಬೇಕು. ಅಲ್ಲಿ ಈಗ ಜಾಲಿಮುಳ್ಳು, ಮರಳಿನ ರಾಶಿ, ಮತ್ತು ಯಾರದೋ ತಂತಿಬೇಲಿ. ಅಳತೆ ಮಾಡಿಕೊಡಿರೆಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಬೇಲಿಯವರು ಬಂಧುಗಳೇ ಆದ್ದರಿಂದ ಮನೆಯಲ್ಲಿ ಸ್ವಲ್ಪ ಬೇಸರವೂ ಆಗಿದೆ.

ಸರ್ವೆಯವರು ಬಂದ ದಿನ ಹಳೆಯ ಗಡಿಕಲ್ಲು ತೋರಿಸುವವರು ಬೇಕು. ನಕ್ಷೆಯಲ್ಲಿ ಗೆರೆ ಇದ್ದರೂ ನೆಲದ ಮೇಲಿನ ಕಲ್ಲನ್ನು ನೋಡಿದವರು ಊರಿನಲ್ಲಿ ನನ್ನನ್ನು ಬಿಟ್ಟರೆ ಇನ್ನಿಬ್ಬರೇ. ಅವರಲ್ಲಿ ಒಬ್ಬರಿಗೆ ಈಗ ಎರಡು ಕಣ್ಣೂ ಕಾಣುವುದಿಲ್ಲ. ಹೋಗಿ ಕೇಳಿದೆ. ಅವರು ಕಟ್ಟೆಯ ಮೇಲೆ ಸರಿದು ಕುಳಿತು ಹೇಳಿದರು: "ಆ ದೊಡ್ಡ ಹುಣಸೆ ಇದ್ದ ಜಾಗದಾಗೆ ನನ್ನ ನಿಲ್ಲಿಸಪ್ಪ. ಅಲ್ಲಿಂದ ಬಡಗಲಿಗೆ ಎಷ್ಟು ಹೆಜ್ಜೆ ಅಂತ ನನ್ನ ಕಾಲಿಗೆ ಗೊತ್ತೈತೆ. ಎಷ್ಟು ಸಲ ಕೋಲು ತರಾಕೆ ಓಡಿಲ್ಲ ನಾನು!"