ಶಿಲುಬೆಯ ಸಾವು ಪಾಪವನ್ನು ಕಳೆಯುವುದು ಹೇಗೆ?

ಯೇಸು ನಮ್ಮ ಪಾಪಗಳಿಗಾಗಿ ಸತ್ತರು ಎಂದು ಕ್ರೈಸ್ತರು ಹೇಳುವುದನ್ನು ನೀವು ಕೇಳಿರುತ್ತೀರಿ. ಎಂದೋ ಆದ ಆ ಸಾವಿಗೂ ಇಂದಿನ ನಮ್ಮ ತಪ್ಪಿಗೂ ಏನು ಸಂಬಂಧ? ಇದಕ್ಕೆ ಉತ್ತರ ಹುಡುಕುವುದೇ ಪ್ರಾಯಶ್ಚಿತ್ತ ಸಿದ್ಧಾಂತ. ಸಾಮಾನ್ಯವಾಗಿ ತಪ್ಪು ಮಾಡಿದವರೇ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾರೆ. ಇಲ್ಲಿ ದೇವರೇ ಆ ಭಾರ ಹೊರುತ್ತಾನೆ.

ಮೊದಲು ಬೈಬಲಿನ ಯಾಜಕಕಾಂಡದ 16ನೇ ಅಧ್ಯಾಯ ಓದಿ. ಪ್ರಾಚೀನ ಯೆಹೂದ್ಯರ ದೋಷಪರಿಹಾರಕ ದಿನದ ವಿಧಿ ಅಲ್ಲಿದೆ. ಎರಡು ಹೋತಗಳನ್ನು ತರುತ್ತಿದ್ದರು. ಒಂದನ್ನು ಬಲಿಕೊಟ್ಟು ರಕ್ತವನ್ನು ಗರ್ಭಗುಡಿಯಲ್ಲಿ ಚಿಮುಕಿಸುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈಯಿಟ್ಟು ಜನರ ಪಾಪಗಳನ್ನೆಲ್ಲ ಅರಿಕೆ ಮಾಡುತ್ತಿದ್ದ. ಆಮೇಲೆ ಅದನ್ನು ಅಡವಿಗೆ ಬಿಡುತ್ತಿದ್ದರು. ಯೇಸುವಿನ ಮೊದಲ ಅನುಯಾಯಿಗಳು ಯೆಹೂದ್ಯರೇ. ಶಿಲುಬೆಯನ್ನು ಅವರು ಬಲಿಯ ಮಾತಿನಲ್ಲೇ ವಿವರಿಸಿದರು.

ಆ ಸಾವು ನಮ್ಮ ಬಿಡುಗಡೆಗೆ ತೆತ್ತ ಬೆಲೆ ಎಂದರೆ, ತೆತ್ತದ್ದು ಯಾರಿಗೆ? ಇಲ್ಲಿಂದ ದಾರಿಗಳು ಕವಲೊಡೆಯುತ್ತವೆ. ಸೈತಾನನಿಗೆ ಕೊಟ್ಟ ಬಿಡುಗಡೆಯ ಹಣ ಎಂದ 3ನೇ ಶತಮಾನದ ದೇವಶಾಸ್ತ್ರಜ್ಞ ಒರಿಗೆನ್. ಪೂರ್ವದ ಆರ್ಥೊಡಾಕ್ಸ್ ಸಭೆಗಳಿಗೆ ಸಾವಿನ ಮೇಲಿನ ಜಯವೇ ಮುಖ್ಯ. ಹಿಂದೆ ಚರ್ಚಾಗಿದ್ದ ಇಸ್ತಾಂಬುಲಿನ ಕೋರಾದ ಭಿತ್ತಿಚಿತ್ರದಲ್ಲಿ ಪಾತಾಳದ ಮುರಿದ ಬಾಗಿಲುಗಳು ಕ್ರಿಸ್ತನ ಕಾಲಡಿ ಬಿದ್ದಿವೆ. ಆತ ಆದಾಮ, ಹವ್ವರ ಮಣಿಕಟ್ಟು ಹಿಡಿದು ಗೋರಿಯಿಂದ ಎಳೆಯುತ್ತಿದ್ದಾನೆ. ಇಡೀ ಸಿದ್ಧಾಂತ ಆ ಹಿಡಿತದಲ್ಲೇ ಇದೆ ಎನಿಸುತ್ತದೆ ನನಗೆ.

ಪಶ್ಚಿಮದಲ್ಲಿ 1098ರ ಸುಮಾರಿಗೆ ದೇವಶಾಸ್ತ್ರಜ್ಞ ಆನ್ಸೆಲ್ಮ್ ಹೇಳಿದ್ದೇ ಬೇರೆ: ಪಾಪದಿಂದ ದೇವರ ಗೌರವಕ್ಕೆ ಕುಂದಾಗಿದೆ, ಅದನ್ನು ತುಂಬಿಕೊಡಬೇಕಾದವನು ಮನುಷ್ಯ, ತುಂಬಬಲ್ಲವನು ದೇವರೊಬ್ಬನೇ. ಹಾಗಾಗಿ ದೇವರೇ ಮನುಷ್ಯನಾದ. ಶಿಲುಬೆಯಲ್ಲಿ ತೋರಿದ ದೇವರ ಪ್ರೀತಿ ಕಂಡು ನಮ್ಮ ಮನಸ್ಸು ಕರಗುವುದೇ ಬಿಡುಗಡೆ ಎಂದು ಅಬೆಲಾರ್ಡ್ ಎಂಬ ಚಿಂತಕ ಒತ್ತಿ ಹೇಳಿದ. ಕಾನೂನು ಓದಿದ್ದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ 16ನೇ ಶತಮಾನದಲ್ಲಿ ನ್ಯಾಯಾಲಯದ ಭಾಷೆ ತಂದ: ನಮಗಾಗಬೇಕಿದ್ದ ಶಿಕ್ಷೆಯನ್ನು ಕ್ರಿಸ್ತ ಅನುಭವಿಸಿದ.

ನಿರಪರಾಧಿಗೆ ಶಿಕ್ಷೆ ಕೊಡುವುದು ನ್ಯಾಯವೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಕೋಪಗೊಂಡ ತಂದೆ ಮಗನನ್ನು ದಂಡಿಸಿದ ಎಂಬಂತೆ ಹೇಳಿದರೆ ಅದು ಅನ್ಯಾಯವೇ. ಆದರೆ ಕ್ರೈಸ್ತ ನಂಬಿಕೆಯಲ್ಲಿ ಮಗನೂ ದೇವರೇ. ಮೂರನೆಯವರೊಬ್ಬರನ್ನು ಮುಂದೆ ತಳ್ಳಿದ್ದಲ್ಲ, ನೋವನ್ನು ತಾನೇ ವಹಿಸಿಕೊಂಡದ್ದು. ಹಾಗಾದರೆ ಈ ಎಲ್ಲ ವಿವರಣೆಗಳಲ್ಲಿ ಯಾವುದು ಸರಿ? ಹೆಚ್ಚಿನ ಸಭೆಗಳು ಒಪ್ಪುವ ನೈಸಿಯಾದ ವಿಶ್ವಾಸಪ್ರಮಾಣ ಕ್ರಿಸ್ತ ನಮಗಾಗಿ ಶಿಲುಬೆಗೇರಿದನೆಂದಷ್ಟೇ ಹೇಳುತ್ತದೆ, ಹೇಗೆ ಎಂದು ವಿವರಿಸುವುದಿಲ್ಲ.

ಈ ಕ್ಷಮೆಗೆ ದುಡ್ಡು ಕೊಡಬೇಕಿಲ್ಲ. ಪಾಪದ ಶಿಕ್ಷೆಯಿಂದ ವಿನಾಯಿತಿ ಕೊಡುವ ಕ್ಷಮಾಪತ್ರಗಳ ಮಾರಾಟವನ್ನು ಸುಧಾರಕ ಲೂಥರ್ 1517ರಲ್ಲಿ ಪ್ರತಿಭಟಿಸಿದ್ದು ಇದಕ್ಕಾಗಿಯೇ. ಕಥೋಲಿಕರು ಗುರುಗಳ ಬಳಿ ಮಾಡುವ ಪಾಪನಿವೇದನೆಗೂ ಶುಲ್ಕವಿಲ್ಲ.

ಇನ್ನಷ್ಟು ತಿಳಿಯಬೇಕೆಂದರೆ ಕನ್ನಡ ಬೈಬಲಿನಲ್ಲಿ ಯೆಶಾಯ 53, ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯ ಓದಿ. ಹತ್ತಿರದ ಚರ್ಚಿನ ಗುರುಗಳನ್ನೋ ಸಭಾಪಾಲಕರನ್ನೋ ಕೇಳಿ. ಶಿಲುಬೆಯ ಸಾವನ್ನು ಸ್ಮರಿಸುವ ಶುಭ ಶುಕ್ರವಾರ ಅವರಿಗೆ ಬಿಡುವಿರುವುದಿಲ್ಲ, ಬೇರೆ ದಿನ ಹೋಗಿ.