ಕೊಟ್ಟಿಗೆಗೆ ಬೆಂಕಿ ಬಿದ್ದ ಮರುದಿನ ಹಸು ಮಾರುವ ಮುನ್ನ



ಸೊಳ್ಳೆಗೆ ಹಾಕಿದ ಹೊಗೆಯ ಕಿಡಿ, ಹಳೆಯ ವೈರಿನ ಶಾರ್ಟ್ ಸರ್ಕ್ಯೂಟ್, ಪಕ್ಕದಲ್ಲೇ ಒಟ್ಟಿದ ಹುಲ್ಲಿನ ಬಣವೆ. ಕಾರಣ ಯಾವುದೇ ಇರಲಿ, ಬೆಂಕಿ ಆರಿದ ಮರುದಿನ ದಲ್ಲಾಳಿ ಬಾಗಿಲಿಗೆ ಬರುತ್ತಾನೆ. "ಇದು ಉಳಿಯಲ್ಲ ಯಜಮಾನ್ರೇ, ಇದ್ದಂಗೇ ಕೊಡಿ, ಕೈಮೇಲೆ ದುಡ್ಡು" ಎನ್ನುತ್ತಾನೆ. ಸುಟ್ಟ ಕೊಟ್ಟಿಗೆಯ ಮುಂದೆ ನಿಂತವರಿಗೆ ಆ ದುಡ್ಡು ದೊಡ್ಡದಾಗಿಯೇ ಕಾಣುತ್ತದೆ. ಆದರೆ ಹಸು ಉಳಿಯುತ್ತದೋ ಇಲ್ಲವೋ ಎಂಬುದು ಆ ದಿನ ಪಶುವೈದ್ಯರಿಗೂ ಪೂರ್ತಿ ತಿಳಿಯದು.

ಮೊದಲು ಮಾಡಬೇಕಾದ್ದು

ಸುಟ್ಟ ಜಾಗಕ್ಕೆ ಕನಿಷ್ಠ 20 ನಿಮಿಷ ತಣ್ಣೀರು ಸುರಿಯಿರಿ. ಮಂಜುಗಡ್ಡೆ, ಎಣ್ಣೆ, ಇಂಕು, ಸಗಣಿ ಬೇಡ. ನೆರಳಿನಲ್ಲಿ ಕಟ್ಟಿ, ಕುಡಿಯಲು ಧಾರಾಳ ನೀರು ಇಡಿ. 1962ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಪಶುವೈದ್ಯರಿಗೆ ತಿಳಿಸಿ.

ಏಕೆ ಕಾಯಬೇಕು?

ಚರ್ಮ ಎಷ್ಟು ಆಳ ಸುಟ್ಟಿದೆ ಎಂಬುದು ಕೆಲವು ದಿನಗಳ ನಂತರವೇ ಸ್ಪಷ್ಟವಾಗುತ್ತದೆ. ಮೈಮೇಲೆ ಕೂದಲಷ್ಟೇ ಕರಕಲಾದ ಹಸು, ನೋಡಲು ಭಯವಾದರೂ ಚೇತರಿಸಿಕೊಳ್ಳುತ್ತದೆ. ಹೊರಗೆ ಗಾಯವೇ ಇಲ್ಲದ ಹಸು ಹೊಗೆ ಕುಡಿದಿದ್ದರೆ, ಒಂದೆರಡು ದಿನ ಕಳೆದು ಉಸಿರಾಟಕ್ಕೆ ಕಷ್ಟಪಡಬಹುದು. ನಾವು ಮುಖ್ಯವಾಗಿ ನೋಡುವುದು ನಾಲ್ಕು: ಉಸಿರಾಟ, ಕಣ್ಣು, ಮೊಲೆತೊಟ್ಟಿನ ತುದಿ, ಗೊರಸು. ತೊಟ್ಟಿನ ತುದಿ ಉಳಿದಿದ್ದರೆ ಹಾಲಿನ ಆಸೆಯೂ ಉಳಿದಿದೆ. ಗೊರಸು ಕಳಚತೊಡಗಿದರೆ, ಮೈಯ ಅರ್ಧದಷ್ಟು ಆಳವಾಗಿ ಸುಟ್ಟಿದ್ದರೆ, ಗುಣವಾಗುವುದು ಕಷ್ಟ. ಆಗ ಅದನ್ನೂ ಮುಚ್ಚಿಡದೆ ಹೇಳುತ್ತೇವೆ. ನರಳಿಸುತ್ತಾ ಇಟ್ಟುಕೊಳ್ಳುವುದು ಸರಿಯಲ್ಲ.

ಔಷಧಿ ನಡೆಯುವಾಗ ಮತ್ತು ಆನಂತರ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ.

ಮಾರಿದರೆ ಕೈತಪ್ಪುವುದು

ವಿಮೆ ಇರುವ ಹಸುವನ್ನು ಮಾರಿದರೆ ಪರಿಹಾರ ಕೇಳಲು ನಿಮ್ಮ ಕೈಯಲ್ಲಿ ಏನೂ ಉಳಿಯದು. ಮಾರುವ ಮಾತಿಗೆ ಮೊದಲೇ ವಿಮಾ ಕಂಪನಿಗೆ ತಿಳಿಸಿ. ಕಿವಿಯೋಲೆ ಕಾಣುವಂತೆ ಫೋಟೊ ತೆಗೆಯಿರಿ. ಹಸು ಸತ್ತರೆ ಮರಣೋತ್ತರ ಪರೀಕ್ಷೆಗೆ ಮುನ್ನ ಹೂಳಬೇಡಿ, ಕಿವಿಯೋಲೆ ಕಳೆಯಬೇಡಿ.

ವಿಮೆ ಇಲ್ಲದವರೂ ಕೈಚೆಲ್ಲಬೇಕಿಲ್ಲ. ಬೆಂಕಿ ಅನಾಹುತವೂ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿದೆ. 2022-26ರ ಮಾರ್ಗಸೂಚಿಯಂತೆ ಸತ್ತ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಕರುವಿಗೆ 20,000 ರೂಪಾಯಿ. ರಾಸುಗಳ ಸಂಖ್ಯೆಗೆ ಮಿತಿ ಇದೆ. ಈಗಿನ ದರವನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಮಹಜರು ಮಾಡಿಸಿ, ಅಗ್ನಿಶಾಮಕ ಠಾಣೆಯ ವರದಿ ಪಡೆಯಿರಿ. ಅಲ್ಲಿಯವರೆಗೆ ಕೊಟ್ಟಿಗೆಯ ಅವಶೇಷ ತೆರವು ಮಾಡಬೇಡಿ.

ಇನ್ನೊಂದು ಮಾತು: 2020ರ ಕಾಯ್ದೆಯಂತೆ ವಧೆಗಾಗಿ ಹಸು ಮಾರುವುದು ರಾಜ್ಯದಲ್ಲಿ ಅಪರಾಧ. ಸುಟ್ಟ ಹಸುವನ್ನು ದಲ್ಲಾಳಿ ಸಾಕಲು ಒಯ್ಯುತ್ತಾನೆಯೇ, ನೀವೇ ಯೋಚಿಸಿ.

ಆದ್ದರಿಂದ ದಲ್ಲಾಳಿಗೆ "ಒಂದು ವಾರ ಬಿಟ್ಟು ಬಾ" ಎನ್ನಿ. ಅಷ್ಟರಲ್ಲಿ ಹಸುವಿನ ಸ್ಥಿತಿ ತಿಳಿಯುತ್ತದೆ, ಕಾಗದಪತ್ರವೂ ಕೈಸೇರುತ್ತದೆ. ಮಾರುವುದೋ ಸಾಕುವುದೋ, ಆಗ ನಿರ್ಧರಿಸಿ.